ಕ್ಯಾಮೆರಾ ಪಕ್ಕದ ಸ್ಟೂಲು

ಮನೆಯಿಂದ,
ಮಾರ್ಚ್ ೧೪, ಶನಿವಾರ

ಪ್ರೀತಿಯ ಅಕ್ಕಾ,

ನಿನ್ನ ಮಂಡಿನೋವು ಹೇಗಿದೆ? ನಿಮ್ಮ ಅತ್ತೆ ಗೋಡೆ ಹಿಡಿದಾದರೂ ನಾಲ್ಕು ಹೆಜ್ಜೆ ಹಾಕುತ್ತಿದ್ದಾರೆಯೇ? ಅವರನ್ನು ನೋಡಿಕೊಳ್ಳುವ ಭರದಲ್ಲಿ ನಿನ್ನ ಮಾತ್ರೆ ಮರೆಯಬೇಡ. ಇದನ್ನೆಲ್ಲ ಫೋನಿನಲ್ಲೇ ಕೇಳಬಹುದಿತ್ತು. ಆದರೆ ನಾನು ಒಂದು ಹೇಳಲು ಹೊರಟರೆ ನೀನು ನಡುವೆ ಬಾಯಿ ಹಾಕಿ ಹತ್ತು ಹೇಳುತ್ತೀ. ಕಾಗದವಾದರೆ ಕೊನೆಯವರೆಗೂ ಸುಮ್ಮನೆ ಕೇಳಲೇಬೇಕು.

ಸೋತುಹೋಗಿದ್ದೇನೆ ಅಕ್ಕಾ. ವಿಶ್ವವಿದ್ಯಾಲಯದ ಅಧ್ಯಾಪಕರ ಪಾಠಗಳನ್ನು ವಿಡಿಯೊ ಮಾಡಿಕೊಡುವ ಕೆಲಸವೆಂದರೆ ಕ್ಯಾಮೆರಾ ಆನ್ ಮಾಡಿ ಕೂರುವುದು ಎಂದು ನೀನು ತಿಳಿದಿದ್ದೀ. ಒಬ್ಬರು ನೂರಿಪ್ಪತ್ತು ಸ್ಲೈಡ್ ತಂದು ಹತ್ತು ನಿಮಿಷದೊಳಗೆ ತುರುಕಿ ಅನ್ನುತ್ತಾರೆ. ಇನ್ನೊಬ್ಬರಿಗೆ ತಮ್ಮ ಬೊಕ್ಕತಲೆ ಹೊಳೆಯಬಾರದು. ಕಿಟಕಿಯಿಲ್ಲದ ಕೋಣೆ, ಗೋಡೆಗೆಲ್ಲ ಸದ್ದು ಹೀರುವ ಬೂದು ಸ್ಪಂಜು. ಮೈಕಿಗೆ ಕೇಳಿಸುತ್ತದೆಂದು ಫ್ಯಾನೂ ಹಾಕುವಂತಿಲ್ಲ. ಇಡೀ ದಿನ ಕಂಡವರ "ಅಂದ್ರೆ", "ಏನಪ್ಪಾ ಅಂದ್ರೆ"ಗಳನ್ನು ಕತ್ತರಿಸಿ ಕತ್ತರಿಸಿ ಮನೆಗೆ ಬಂದರೆ, ಯಾರು ಬಾಯಿ ತೆರೆದರೂ ನನ್ನ ಕೈ ಮೌಸ್ ಹುಡುಕುತ್ತದೆ.

ಜನವರಿಯಲ್ಲಿ ಶರೀರಶಾಸ್ತ್ರದ ಹೊಸ ಮೇಡಂ ಬಂದರು. ಮೂವತ್ತು ದಾಟಿರಲಾರದು. ದೂರಶಿಕ್ಷಣದ ಹನ್ನೆರಡು ಪಾಠ ಫೆಬ್ರವರಿಯೊಳಗೆ ಮುಗಿಯದಿದ್ದರೆ ಅವರ ಕೆಲಸವೇ ಉಳಿಯುವಂತಿರಲಿಲ್ಲ. ತರಗತಿಯಲ್ಲಿ ಚೆನ್ನಾಗಿ ಮಾತಾಡುತ್ತಾರಂತೆ. ಇಲ್ಲಿ ಕ್ಯಾಮೆರಾದ ಕೆಂಪು ದೀಪ ಹತ್ತಿದ್ದೇ ತಡ, ಬಾಯಿ ಕಟ್ಟಿಹೋಗುತ್ತಿತ್ತು. ಮೂತ್ರಪಿಂಡದ ಪಾಠದ ಮೊದಲ ವಾಕ್ಯವೊಂದನ್ನೇ ಹದಿನೇಳು ಸಲ ಹೇಳಿದರು. ನಾಲ್ಕನೇ ದಿನ ಮೈಕ್ ಬಿಚ್ಚಿಟ್ಟು, "ನನ್ನ ಕೈಲಿ ಆಗಲ್ಲ. ಆ ಗಾಜು ನನ್ನನ್ನೇ ನೋಡುತ್ತೆ, ಆದ್ರೆ ತಲೆ ಆಡಿಸಲ್ಲ" ಅಂದರು. ನನಗೂ ಸಾಕಾಗಿತ್ತು. ಕರುಣೆಯಿಂದ ಅಂದುಕೊಳ್ಳಬೇಡ, ನಿಂತು ನಿಂತು ಕಾಲು ಬಿದ್ದುಹೋಗಿದ್ದರಿಂದ ಸ್ಟೂಲು ಎಳೆದುಕೊಂಡು ಕ್ಯಾಮೆರಾ ಪಕ್ಕ ಕೂತೆ. "ನಂಗೇ ಹೇಳಿ ಮೇಡಂ, ನಂಗಂತೂ ಏನೂ ಗೊತ್ತಿಲ್ಲ" ಅಂದೆ.

ಮೈಕ್ ಮತ್ತೆ ಸಿಕ್ಕಿಸಿಕೊಂಡು ಹೇಳತೊಡಗಿದರು. ಮೂತ್ರಪಿಂಡ ರಕ್ತದ ನೀರನ್ನು ಹೆಚ್ಚುಕಡಿಮೆ ಎಲ್ಲದರ ಸಮೇತ ಮೊದಲು ಸೋಸಿಬಿಡುತ್ತದಂತೆ, ಆಮೇಲೆ ಬೇಕಾದ್ದನ್ನು ವಾಪಸ್ ಎಳೆದುಕೊಳ್ಳುತ್ತದಂತೆ. ನನಗೆ ತಡೆಯಲಾಗಲಿಲ್ಲ. "ಇದೇನು ಎರಡೆರಡು ಕೆಲಸ? ಬೇಡದ್ದನ್ನಷ್ಟೇ ಎತ್ತಿ ಹಾಕಿದ್ರೆ ಆಗಲ್ವಾ?" ಎಂದು ಕೇಳಿಬಿಟ್ಟೆ. ಅವರ ಮುಖವೇ ಬದಲಾಯಿತು. "ಬೀರು ಕ್ಲೀನ್ ಮಾಡುವಾಗ ಎಲ್ಲ ಕೆಳಗೆ ಸುರಿದು, ಬೇಕಾದ್ದು ಮಾತ್ರ ಒಳಗಿಡ್ತೀರಲ್ವಾ? ಬೇಡದ್ದು ಏನೇನು ಬರುತ್ತೆ ಅಂತ ದೇಹಕ್ಕೆ ಮೊದಲೇ ಗೊತ್ತಿರಲ್ಲ. ಬೇಕಾದ್ದು ಗೊತ್ತಿರುತ್ತೆ" ಅಂದರು. ಕೆಂಪು ದೀಪ ಮರೆತು ಇಪ್ಪತ್ತು ನಿಮಿಷ ಮಾತಾಡಿದರು.

ವಿಭಾಗದ ಮುಖ್ಯಸ್ಥರು ಆ ವಿಡಿಯೊ ನೋಡಿ, "ಟೆಕ್ನಿಷಿಯನ್ ದನಿ ಪಾಠದಲ್ಲಿ ಯಾಕೆ? ತೆಗೀರಿ" ಅಂದರು. ನಾನು ತೆಗೆಯಲು ಹೊರಟೇಬಿಟ್ಟಿದ್ದೆ. ಮೇಡಂ ನನ್ನ ಕೈ ಹಿಡಿದರು. "ಅದನ್ನ ತೆಗೆದ್ರೆ ನಾನು ಉತ್ತರ ಹೇಳ್ತಿರೋದು ಯಾರಿಗೆ ಸರ್? ಇಬ್ಬರನ್ನೂ ಇಡಿ, ಇಲ್ಲ ಇಬ್ಬರನ್ನೂ ತೆಗೀರಿ" ಅಂದರು. ಕೆಲಸ ಹೋಗುವ ಅಂಚಿನಲ್ಲಿ ನಿಂತು ಹೀಗೆ ಹೇಳುವ ಎದೆ ನನಗಿಲ್ಲ. ಮುಖ್ಯಸ್ಥರು ಗೊಣಗಿಕೊಂಡು ಒಪ್ಪಿದರು.

ಹನ್ನೆರಡೂ ಪಾಠ ಮುಗಿದವು. ಮೇಡಂ ಕೆಲಸ ಇನ್ನೊಂದು ವರ್ಷ ಉಳಿಯಿತು. ಈಗ ಬೊಕ್ಕತಲೆಯವರಿಗೂ ನಾನು ಪಕ್ಕದಲ್ಲಿ ಕೂರಬೇಕಂತೆ, ಬೆನ್ನು ಹಿಡಿದುಹೋಗಿದೆ. ಮೊನ್ನೆ ಮೇಡಂ ಒಂದು ಚೀಟಿ ತೋರಿಸಿದರು. ದೂರಶಿಕ್ಷಣದಲ್ಲಿ ಓದುತ್ತಿರುವ, ಎರಡು ಮಕ್ಕಳ ತಾಯಿಯೊಬ್ಬಳು ಬರೆದದ್ದು: "ಪ್ರಶ್ನೆ ಕೇಳುವ ಆ ವಿದ್ಯಾರ್ಥಿನಿಗೆ ನನ್ನ ಥ್ಯಾಂಕ್ಸ್ ತಿಳಿಸಿ. ನನಗೂ ಅದೇ ಸಂಶಯವಿತ್ತು, ಕೇಳಲು ನಾಚಿಕೆಯಾಗಿತ್ತು." ಅದನ್ನು ಮಡಚಿ ಪರ್ಸಿನಲ್ಲಿ ಇಟ್ಟುಕೊಂಡಿದ್ದೇನೆ.

ಭಾವನಿಗೆ ನನ್ನ ನಮಸ್ಕಾರ. ಅತ್ತೆಯವರು ಬೇಗ ಎದ್ದು ಓಡಾಡಲಿ, ನಿನಗೂ ಸ್ವಲ್ಪ ಕೂರಲು ಸಿಗಲಿ.

ನಿನ್ನ ತಂಗಿ

ತಾ.ಕ.: ಅಂಚೆಯವರು ಡಬ್ಬ ತೆರೆಯುವ ಹೊತ್ತಾಯಿತು, ಗೀಚುತ್ತಿದ್ದೇನೆ. ಇಪ್ಪತ್ತೆರಡು ವರ್ಷದ ಹಿಂದೆ ನೀನು ಹಾಸಿಗೆ ಹಿಡಿದಾಗ ನಿನ್ನನ್ನು ನೋಡಿಕೊಳ್ಳಲು ನಾನು ಅರ್ಧಕ್ಕೆ ಬಿಟ್ಟ ಪದವಿಗೆ ಮತ್ತೆ ಅರ್ಜಿ ಹಾಕುತ್ತಿದ್ದೇನೆ. ನನ್ನ ಹಳೆಯ ಅಂಕಪಟ್ಟಿ ನಿನ್ನ ಪೆಟ್ಟಿಗೆಯಲ್ಲಿದೆ, ನೀನು ಎಸೆದಿರುವುದಿಲ್ಲ. ಮೂವತ್ತನೇ ತಾರೀಕು ಕೊನೆಯ ದಿನ. ಅಳುತ್ತ ಕೂರದೆ ಹುಡುಕಿ ಕಳಿಸು.