ಡೊರಾಡೊನನ್ನು ನಾನೇ ಕೊಂಡೆ

ಐಮನ್,

ಆರು ವರ್ಷ ನಿಮ್ಮ ಆರ್.ಟಿ. ನಗರದ ಮನೆಯಲ್ಲಿ ಕೂತು, ಕಂಪ್ಯೂಟರಿನ ಬೇಸ್‌ಬಾಲ್ ಲೀಗಿನಲ್ಲಿ ಒಬ್ಬೊಬ್ಬರು ಒಂದೊಂದು ತಂಡ ನಡೆಸಿದೆವು. ಒಂದು ಮಾತೂ ಹೇಳದೆ ಲೀಗ್ ಬಿಟ್ಟುಹೋದೆಯಲ್ಲ, ನಾಚಿಕೆಯಾಗಬೇಕು ನಿನಗೆ.

ಲೀಗ್ ನೋಡಿಕೊಳ್ಳುವ ನಾಸಿರ್ ಇವತ್ತು ನಿನ್ನ ತಂಡವನ್ನು ಯಾರೋ ಹೊಸಬನಿಗೆ ಕೊಟ್ಟ. ಆ ಹೊಸಬ ಮೊದಲು ಮಾಡಿದ್ದೇ ನಿನ್ನ ಮುದಿ ಆಟಗಾರ ಡೊರಾಡೊನನ್ನು ಮಾರಾಟಕ್ಕಿಟ್ಟದ್ದು.

"ಚೆಂಡು ಹೊಡೆಯೋಕೆ ಬರಲ್ಲ, ಆದ್ರೆ ಅವನಿದ್ರೆ ಹುಡುಗ್ರು ಕಿತ್ತಾಡಲ್ಲ ಕಣೇ" ಎನ್ನುತ್ತಿದ್ದೆ ನೀನು. "ನೀನು ತಂಡ ಬಿಟ್ಟು ಧರ್ಮಛತ್ರ ನಡೆಸು" ಎಂದು ಎಲ್ಲರೆದುರು ನಕ್ಕವಳು ನಾನು. ಅಷ್ಟಕ್ಕೇ ಆಟವನ್ನೇ ಬಿಡುವುದೇ? ನೀನೂ ನನ್ನನ್ನು ಬೈಯಬಹುದಿತ್ತು.

ಚೆಂಡೆಸೆಯುವುದರಲ್ಲಿ ನನ್ನ ಅತ್ಯುತ್ತಮ ಪಿಚರ್‌ನನ್ನು ಕೊಟ್ಟು ಡೊರಾಡೊನನ್ನು ತಂದೆ. ನಾಸಿರ್ ಫೋನ್ ಮಾಡಿ, "ತಲೆ ಕೆಟ್ಟಿದ್ಯಾ ರಾಧಾ? ಅವನ್ಯಾಕೆ ನಿಂಗೆ?" ಅಂದ.

"ನನ್ನ ತಂಡ, ನನ್ನಿಷ್ಟ" ಎಂದು ರೇಗಿದೆ.

ಮಧ್ಯಾಹ್ನದ ಪಂದ್ಯದಲ್ಲಿ ಡೊರಾಡೊ ಬ್ಯಾಟ್ ಹಿಡಿದ ನಾಲ್ಕು ಸಲವೂ ಔಟಾದ, ನಾವು ಸೋತೆವು. ಆದರೂ ಎಷ್ಟೋ ತಿಂಗಳ ಮೇಲೆ, ನನ್ನ ತಂಡದ ಡ್ರೆಸ್ಸಿಂಗ್ ರೂಮಿನ ವಾತಾವರಣ 'ಚೆನ್ನಾಗಿದೆ' ಎಂದು ಪರದೆಯ ಮೇಲೆ ಬಂತು. ಅದರ ಫೋಟೊ ತೆಗೆದು ನಾಸಿರ್‌ಗೆ ಕಳಿಸಿದೆ.

'ಐಮನ್‌ಗೆ ತೋರಿಸು' ಎಂದು ಮಾತ್ರ ಬರೆಯಲಿಲ್ಲ.

ರಾಧಾಮಣಿ