ಈಗಷ್ಟೇ ಎದ್ದ ಯಂತ್ರ

ನನಗೆ ಕೆಲಸ ಕಲಿಸಿದ ಮೇಷ್ಟ್ರಿಗೆ ವಂದನೆಗಳು.

ಬಾಣಂತನ ಮುಗಿಯಿತಲ್ಲ, ಸೋಮವಾರದಿಂದ ಕಂಪ್ಯೂಟರ್ ಕೇಂದ್ರಕ್ಕೆ ಬಾ ಎಂದು ಬರೆದಿದ್ದೀರಿ. ಬರುವ ಆಸೆ ಬೆಟ್ಟದಷ್ಟಿದೆ. ಆದರೆ ಮಗಳು ಮಲಗಗೊಡುವುದಿಲ್ಲ. ನಿನ್ನೆ ಹಾಲಿನ ಪಾತ್ರೆಯನ್ನು ಬಟ್ಟೆಯ ಬೀರುವಿನಲ್ಲಿಟ್ಟು ಮನೆಯೆಲ್ಲ ಹುಡುಕಿದೆ.

ಫ್ಯಾನುಗಳು ಗುಂಯ್‌ಗುಡುತ್ತಿದ್ದ ನಮ್ಮ ಆ ಕೋಣೆ ನೆನಪಾಗುತ್ತದೆ. ಇದ್ದೊಂದು ದೊಡ್ಡ ಯೂನಿಕ್ಸ್ ಸರ್ವರ್ ಕಾಲೇಜಿನವರನ್ನೆಲ್ಲ ಹೊರಲಾರದೆ ಏದುಸಿರು ಬಿಡುತ್ತಿದ್ದಾಗ, ಅಗ್ಗದ ಕಂಪ್ಯೂಟರುಗಳನ್ನು ತಂದು ಒಂದಕ್ಕೊಂದು ಜೋಡಿಸಿದೆವು. ಯಾರೇ ಲಾಗಿನ್ ಆದರೂ ಕಡಿಮೆ ಜನರಿರುವ ಯಂತ್ರಕ್ಕೆ ಕಳಿಸುವ ಏರ್ಪಾಡು. ಒಮ್ಮೆ ಕೆಟ್ಟು ನಿಂತಿದ್ದ ಯಂತ್ರವೊಂದನ್ನು ರಿಪೇರಿ ಮಾಡಿ ಚಾಲೂ ಮಾಡಿದೆವು. ಅದು ಖಾಲಿಯಿದೆಯೆಂದು ನಮ್ಮ ಏರ್ಪಾಡು ಬಂದವರನ್ನೆಲ್ಲ ಅಲ್ಲಿಗೇ ಅಟ್ಟಿತು. ಪಾಪದ್ದು, ಕಣ್ಣು ಬಿಟ್ಟ ಕೂಡಲೇ ಮತ್ತೆ ಮಲಗಿತು. ನೀವು ಚಹಾ ಲೋಟ ಕೆಳಗಿಟ್ಟು ಬೈದಿರಿ: "ಅಲ್ರಯ್ಯಾ, ಈಗ್ತಾನೆ ಎದ್ದಿದೆ ಅದು! ಮೊದ್ಲು ನಾಲ್ಕೇ ಜನಾನ ಕಳ್ಸಿ. ತಡ್ಕೊಂಡ್ರೆ ಆಮೇಲೆ ಮಿಕ್ಕೋರು." ಹಾಗೇ ಮಾಡಿದೆವು. ಆ ಯಂತ್ರ ಆಮೇಲೆ ವರ್ಷಗಟ್ಟಲೆ ದುಡಿಯಿತು.

ಮೇಷ್ಟ್ರೇ, ಮೊದಲ ತಿಂಗಳು ನನಗೆ ಅರ್ಧ ದಿನದ ಕೆಲಸ ಕೊಡಿ. ಆಗದಿದ್ದರೆ ಮುಲಾಜಿಲ್ಲದೆ ಹೇಳಿಬಿಡಿ, ರಾಜೀನಾಮೆ ಕಳಿಸುತ್ತೇನೆ. "ಬಿಟ್ಬಿಡೇ, ನಿನ್ನ ಗಂಟೇನು ಹೋಗುತ್ತೆ? ಮಗು ನೋಡ್ಕೊಂಡು ಹಾಯಾಗಿರು" ಎನ್ನುತ್ತಾಳೆ ಅಮ್ಮ. ಏನು ಹೋಗುತ್ತದೆ ಎಂದು ಅವಳಿಗೆ ಹೇಳುವ ಬದಲು ಈ ಕಾಗದ ಬರೆಯಲು ಕೂತೆ. ನಿಮಗಾದರೆ ಬಿಡಿಸಿ ಹೇಳಬೇಕಾಗಿಲ್ಲ.

ಉತ್ತರಕ್ಕೆ ಕಾಯುತ್ತಿರುವ,
ನೀವೇ ಹೆಸರಿಟ್ಟ ಬಾಯಿಬಡುಕಿ