ಐದು ಗಂಟೆಯ ಬ್ಯಾಟರಿ

ತ್ರಿಪ್ಲಿಕೇನ್, ಚೆನ್ನೈ
18 ಜೂನ್ 2025

ಚಿ. ಮುರಳೀಧರನಿಗೆ ಅಕ್ಕ ಶ್ರೀಪ್ರಿಯಾ ಮಾಡುವ ಆಶೀರ್ವಾದ.

ನಿನ್ನ ಎಂಟು ಮೆಸೇಜಿಗೂ ಉತ್ತರ ಕೊಡಲಿಲ್ಲ, ತಪ್ಪು ತಿಳಿಯಬೇಡ ಅಂತ ಬರೆಯಬೇಕು. ತಿಳಿದರೂ ನನಗೇನೂ ಬೇಜಾರಿಲ್ಲ. ಫೋನಿನಲ್ಲಾದರೆ ಕೂಗಾಡಿಬಿಡುತ್ತೇನೆ, ಅಮ್ಮ ಪಕ್ಕದ ಕೋಣೆಯಲ್ಲೇ ಇರುತ್ತಾಳೆ. ಅದಕ್ಕೇ ಈ ಕಾಗದ. ಹೈದರಾಬಾದಿನಲ್ಲಿ ನೀವೆಲ್ಲ ಕ್ಷೇಮ ಅಂದುಕೊಂಡಿದ್ದೇನೆ. ನಿನ್ನ ಮಗಳು ಸಂಹಿತಾಳ ಪರೀಕ್ಷೆ ಚೆನ್ನಾಗಾಯಿತಂತೆ, ಸಂತೋಷ.

ಇನ್ವರ್ಟರ್ ವಿಷಯ ನಿನಗೆ ಮೊದಲೇ ಬಿಡಿಸಿ ಹೇಳಿದ್ದೆ. ತಿಂಗಳಿಗೊಮ್ಮೆ ಕರೆಂಟ್ ಬೋರ್ಡಿನವರು ರಿಪೇರಿಗೆಂದು ಬೆಳಿಗ್ಗೆ ಒಂಬತ್ತರಿಂದ ಎರಡರವರೆಗೆ ಕರೆಂಟ್ ತೆಗೆಯುತ್ತಾರೆ. ಅಮ್ಮನ ಆಕ್ಸಿಜನ್ ಮೆಷಿನ್ ಅಷ್ಟು ಹೊತ್ತು ನಿಲ್ಲುವಂತಿಲ್ಲ. ಇನ್ವರ್ಟರ್ ಅಂಗಡಿಯ ವಿಶ್ವನಾಥರು ಮೆಷಿನ್ನಿನ ಹಿಂದೆ ಬರೆದಿದ್ದನ್ನು ಓದಿ, ಇದಕ್ಕೆ ಮನೆಯ ಕರೆಂಟಿನಷ್ಟೇ ಸಮವಾಗಿ ಕೊಡುವ ಸೈನ್ ವೇವ್ ಇನ್ವರ್ಟರೇ ಬೇಕು, ಐದು ಗಂಟೆ ಎಳೆಯಬೇಕಾದರೆ ಎರಡು ದೊಡ್ಡ ಬ್ಯಾಟರಿ ಹಾಕಿಸಿ ಅಂದರು. ಫ್ರಿಜ್, ಟಿವಿ ಬಿಟ್ಟುಬಿಡಿ, ಒಂದು ಫ್ಯಾನ್ ಮಾತ್ರ ಸೇರಿಸಿ, ಆಗ ಖರ್ಚು ಕೈಗೆಟುಕುತ್ತದೆ ಅಂತ ದಾರಿಯನ್ನೂ ಅವರೇ ತೋರಿಸಿದರು. ಅರ್ಧ ನಾನು ಹಾಕುತ್ತೇನೆ, ಅರ್ಧ ನೀನು ಹಾಕು ಅಂತ ಕೇಳಿದೆ. ಅಂಗಡಿಯವರೆಲ್ಲ ಹೀಗೇ ಹೆದರಿಸುತ್ತಾರೆ ಅಂದುಬಿಟ್ಟೆ ನೀನು. ನಿನ್ನ ಸ್ನೇಹಿತ ಪ್ರಮೋದ್ ಇಲ್ಲಿಯ ಕೋಡಂಬಾಕ್ಕಂ ಮನೆ ಖಾಲಿ ಮಾಡುವಾಗ ಬಿಟ್ಟ ಹಳೇ ಇನ್ವರ್ಟರ್ ಸೆಟ್ಟನ್ನು ಕಳಿಸಿಕೊಟ್ಟೆ. ನಾನೂ ಬಾಯಿ ಮುಚ್ಚಿಕೊಂಡು ತೆಗೆದುಕೊಂಡೆನಲ್ಲ, ಆ ಸಿಟ್ಟು ನನ್ನ ಮೇಲೂ ಇದೆ.

ಕಳೆದ ತಿಂಗಳು ಕರೆಂಟ್ ತೆಗೆದ ನಲವತ್ತೇ ನಿಮಿಷಕ್ಕೆ ಆ ಹಳೇ ಸೆಟ್ಟು ಕಿರುಚತೊಡಗಿತು. ಮೆಷಿನ್ ನಿಂತಿತು. ಅಮ್ಮನ ತುಟಿ ನೀಲಿಗಟ್ಟಿತು. ಮೀಸಲಿಗಿಟ್ಟಿದ್ದ ಸಣ್ಣ ಆಕ್ಸಿಜನ್ ಸಿಲಿಂಡರ್ ಹಾಕಿದೆ, ಅದು ಒಂದು ಗಂಟೆಗೆ ಬಂದರೆ ಹೆಚ್ಚು. ಕೆಳಗಿನ ಮೆಸ್ಸಿನ ಭೋಜರಾಜರ ಹತ್ತಿರ ಓಡಿದೆ. ಅವರ ಜನರೇಟರಿನಲ್ಲಿ ಗ್ರೈಂಡರ್ ತಿರುಗುತ್ತಿತ್ತು. ಮರುಮಾತಿಲ್ಲದೆ ಅದನ್ನು ನಿಲ್ಲಿಸಿ, ಕಿಟಕಿಯಿಂದ ನಮ್ಮ ಮನೆಗೆ ವೈರ್ ಎಳೆಸಿದರು. ನಾಳೆಯ ಹಿಟ್ಟಿಗೆ ಏನು ಮಾಡುತ್ತೀರಿ ಅಂತ ಕೇಳಿದ್ದಕ್ಕೆ, "ನಾಳೆ ದೋಸೆ ಇಲ್ಲ ಅಂತ ಬೋರ್ಡ್ ಹಾಕ್ತೇನೆ. ನೀವು ಅಮ್ಮನ್ನ ನೋಡಿ" ಅಂದರು. ಅವರು ನಮಗೆ ಏನಾಗಬೇಕು, ಮುರಳಿ? ನೀನು ಏನಾಗಬೇಕು?

ಮರುದಿನವೇ ಆಫೀಸಿನಲ್ಲಿ ಸಾಲಕ್ಕೆ ಬರೆದುಕೊಟ್ಟು, ವಿಶ್ವನಾಥರು ಹೇಳಿದ್ದನ್ನೇ ಹಾಕಿಸಿದೆ. ನಿನ್ನೆ ಮತ್ತೆ ಕರೆಂಟ್ ತೆಗೆದರು. ಐದು ಗಂಟೆಯೂ ಮೆಷಿನ್ ಓಡಿತು. ನಿನ್ನ ಪಾಲು ಕಳಿಸುತ್ತೇನೆ ಅಂತ ಈಗ ಮೆಸೇಜು ಹಾಕಿದ್ದೀಯ. ಬೇಡ. ಆ ಹಳೇ ಸೆಟ್ಟನ್ನು ಗುಜರಿಗೆ ಹಾಕಿದ್ದೇನೆ, ಪ್ರಮೋದನಿಗೆ ನೀನೇ ಹೇಳಿಕೋ.

ಸಂಹಿತಾಳಿಗೂ ಅವಳ ಅಮ್ಮನಿಗೂ ನನ್ನ ಆಶೀರ್ವಾದ. ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ. ಸಿಟ್ಟಿದ್ದರೂ ಇದೊಂದನ್ನು ಮನಸಾರೆ ಬರೆದಿದ್ದೇನೆ.

ನಿನ್ನ ಅಕ್ಕ
ಶ್ರೀಪ್ರಿಯಾ

ತಾ.ಕ.: ದೊಡ್ಡ ಬ್ಯಾಟರಿ ಬೇಡ ಅನ್ನುವಾಗ ನೀನು, "ಇನ್ನೆಷ್ಟು ದಿನಕ್ಕೆ ಅಂತ, ಅಕ್ಕ?" ಅಂದೆಯಲ್ಲ, ಆಗ ನನ್ನ ಕೈಯೆಲ್ಲ ಹಿಟ್ಟಾಗಿತ್ತು, ಫೋನ್ ಸ್ಪೀಕರಿನಲ್ಲಿತ್ತು. ಅಮ್ಮ ಪಕ್ಕದಲ್ಲೇ ಕೂತು ಬೀನ್ಸ್ ಸೋಸುತ್ತಿದ್ದಳು. ನಿನ್ನೆ ಕರೆಂಟ್ ಹೋದ ಕೂಡಲೇ ಮೂಗಿನ ಟ್ಯೂಬನ್ನು ತಾನೇ ತೆಗೆದಿಟ್ಟಳು. ಮತ್ತೆ ಹಾಕಿ, ಎರಡು ಗಂಟೆಯವರೆಗೂ ಅವಳ ಕೈ ಹಿಡಿದುಕೊಂಡೇ ಕೂತಿದ್ದೆ. ಯಾಕಮ್ಮ ಹೀಗೆ ಮಾಡಿದೆ ಅಂತ ಕೇಳಿದೆ. "ಬ್ಯಾಟರಿ ಉಳಿಸಿಡೇ, ಮುರಳಿ ಬಂದಾಗ ಫ್ಯಾನಿಗೆ ಬೇಕಾಗತ್ತೆ" ಅಂದಳು.